ಉದ್ಘಾಟನೆಯ ನಂತರ ಆಂಟೆನಾ

ಶನಿವಾರ ಸಂಜೆಯ ಕಾರ್ಯಕ್ರಮದ ಕ್ರಮವನ್ನು ಅಧ್ಯಕ್ಷರು ಖುದ್ದಾಗಿ ನಿಗದಿ ಮಾಡಿದ್ದರು: ಐದು ಗಂಟೆಗೆ ಸದಸ್ಯರ ಆಗಮನ, ಅನಂತರ ಹೊಸ ವಿಡಿಯೋ ಟ್ರಾನ್ಸ್‌ಮಿಟರಿನ ಉದ್ಘಾಟನೆ, ಅನಂತರ ಅಧ್ಯಕ್ಷರ ಭಾಷಣ, ಅನಂತರ ಚಹಾ, ಚಹಾದ ನಂತರ ಆಂಟೆನಾ ಜೋಡಣೆ. ಭೌತಶಾಸ್ತ್ರದ ಕ್ರಮ ಬೇರೆಯೇ ಇತ್ತು. ಅದರ ಪ್ರಕಾರ ಮೊದಲು ಆಂಟೆನಾ, ಆಮೇಲೆ ವಿದ್ಯುತ್ತು. ಆದರೆ ಭೌತಶಾಸ್ತ್ರವು ಕ್ಲಬ್ಬಿನ ಸದಸ್ಯತ್ವ ಪಡೆದಿರಲಿಲ್ಲವಾದ್ದರಿಂದ ಅದರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.

ಆ ಅಭಿಪ್ರಾಯವನ್ನು ಬಲ್ಲವನು ಕೋಣೆಯಲ್ಲಿ ಒಬ್ಬನೇ ಇದ್ದ. ಅವನು ಅಧ್ಯಕ್ಷರ ಅಳಿಯ. ಕೆಳಗಿನ ಅಂತಸ್ತಿನಲ್ಲಿ ಅಧ್ಯಕ್ಷರ ಕನ್ನಡಕದ ಅಂಗಡಿ. ಅಲ್ಲಿ ಅವನು ಬೆಳಗಿನಿಂದ ಸಂಜೆಯವರೆಗೆ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಿದ್ದ. ಮೇಲಿನ ಅಂತಸ್ತಿನಲ್ಲಿ ಡ್ರೋನ್ ಕ್ಲಬ್ಬು. ಅಲ್ಲಿ ಅವನು ತಾಂತ್ರಿಕ ಅಧಿಕಾರಿ. ಎರಡೂ ಕೆಲಸಗಳಿಗೆ ಅವನ ವಿಜ್ಞಾನ ಪದವಿ ಸಾಕಾಗಿ ಮಿಕ್ಕುತ್ತಿತ್ತು. ಎರಡೂ ಕಡೆ ಯಜಮಾನರು ಒಬ್ಬರೇ ಆದ್ದರಿಂದ, ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಪಾಠವನ್ನು ಅವನು ಪದವಿಗಿಂತ ಚೆನ್ನಾಗಿ ಕಲಿತಿದ್ದ.

ಕ್ಲಬ್ಬಿನವರು ಹಾರಿಸುತ್ತಿದ್ದುದು ಅಂಗೈಗಿಂತ ತುಸು ದೊಡ್ಡದಾದ ಡ್ರೋನ್‌ಗಳನ್ನು. ಮೂತಿಯಲ್ಲಿ ಪುಟ್ಟ ಕ್ಯಾಮೆರಾ, ಬೆನ್ನಿನಲ್ಲಿ ಅಂಚೆಚೀಟಿಯಷ್ಟಗಲದ ವಿಡಿಯೋ ಟ್ರಾನ್ಸ್‌ಮಿಟರ್. ಕ್ಯಾಮೆರಾ ಕಂಡದ್ದನ್ನು ಟ್ರಾನ್ಸ್‌ಮಿಟರ್ ಗಾಳಿಗೆ ಬಿಡುತ್ತದೆ. ಹಾರಿಸುವವರು ಕುರ್ಚಿಯಲ್ಲಿ ಕುಳಿತು, ಕಣ್ಣಿಗೆ ದಪ್ಪ ಗಾಗಲ್ ಕಟ್ಟಿಕೊಂಡು, ಆ ಚಿತ್ರವನ್ನೇ ನಂಬಿ ಹಾರಿಸುತ್ತಾರೆ. ಚಿತ್ರ ಹೋದರೆ ಅವರು ಕುರುಡರು. ಒಬ್ಬೊಬ್ಬರಿಗೆ ಒಂದೊಂದು ಚಾನೆಲ್ ಇರುತ್ತದೆ, ಮತ್ತು ಎಲ್ಲರ ಟ್ರಾನ್ಸ್‌ಮಿಟರುಗಳ ಶಕ್ತಿಯೂ ಸಮನಾಗಿದ್ದರೆ ಎಲ್ಲರಿಗೂ ಚೆನ್ನಾಗಿಯೇ ಕಾಣುತ್ತದೆ. ಒಂದು ಕೋಣೆಯಲ್ಲಿ ಆರು ಜನ ಪಿಸುಮಾತಾಡಿದರೆ ಯಾರ ಮಾತೂ ಕೆಡುವುದಿಲ್ಲ. ನಡುವೆ ಒಬ್ಬ ಧ್ವನಿವರ್ಧಕ ಹಿಡಿದು ನಿಂತರೆ ಉಳಿದವರ ಮಾತು ಅವರವರಿಗೇ ಕೇಳಿಸುವುದಿಲ್ಲ.

ಕ್ಲಬ್ಬಿನ ನಿಯಮಾವಳಿಯಲ್ಲಿ ಆ ಧ್ವನಿವರ್ಧಕ ಅಧ್ಯಕ್ಷರ ಹಕ್ಕಾಗಿತ್ತು. ಕುರ್ಚಿಯ ಎತ್ತರಕ್ಕೆ ತಕ್ಕಂತೆ ಶಕ್ತಿ ಎಂಬುದು ಅವರೇ ಬರೆದ ನಿಯಮ: ಅಧ್ಯಕ್ಷರಿಗೆ ಎಂಟುನೂರು ಮಿಲಿವಾಟ್, ಉಪಾಧ್ಯಕ್ಷರಿಗೆ ಇನ್ನೂರು, ಸದಸ್ಯರಿಗೆ ಇಪ್ಪತ್ತೈದು. ಉಪಾಧ್ಯಕ್ಷರು ವೃತ್ತಿಯಿಂದ ದಂತವೈದ್ಯರು, ಪ್ರವೃತ್ತಿಯಿಂದ ಹೌದಪ್ಪ. ಬೆನ್ನ ಹಿಂದೆ ಎಲ್ಲರೂ ಅವರನ್ನು ಹೌದಪ್ಪನೆಂದೇ ಕರೆಯುತ್ತಿದ್ದರು. ತಮ್ಮ ಪಾಲಿನ ಇನ್ನೂರನ್ನು ಅವರು ಮೊದಲ ದಿನವೇ ಬಿಟ್ಟುಕೊಟ್ಟಿದ್ದರು. "ಅಧ್ಯಕ್ಷರ ಮುಂದೆ ನಂದೇನಪ್ಪ, ನಂಗೂ ಇಪ್ಪತ್ತೈದೇ ಇಟ್ಟುಬಿಡು." ಚಾನೆಲ್‌ಗಳ ಸಾಲಿನಲ್ಲಿ ನಟ್ಟನಡುವಿನದು ಕೂಡ ಅಧ್ಯಕ್ಷರದೇ. ಸಭೆಯಲ್ಲಿ ನಡುವೆ ಕೂರುವವರು ಗಾಳಿಯಲ್ಲಿ ಮೂಲೆಗೆ ಹೋಗಿ ಕೂರುವುದುಂಟೇ?

ಹೀಗಾಗಿ ಪ್ರತಿ ಭಾನುವಾರ ಮುಚ್ಚಿದ ಬಿಸ್ಕತ್ತು ಕಾರ್ಖಾನೆಯ ಅಂಗಳದಲ್ಲಿ ನಡೆಯುವ ಸ್ಪರ್ಧೆಯಲ್ಲಿ ಅಧ್ಯಕ್ಷರೇ ಗೆಲ್ಲುತ್ತಿದ್ದರು. ಅವರ ಡ್ರೋನ್ ನೆಲ ಬಿಟ್ಟೊಡನೆ ಉಳಿದವರ ಗಾಗಲ್‌ನಲ್ಲಿ ಬಣ್ಣ ಹೋಗುತ್ತಿತ್ತು, ಗೆರೆಗಳು ಎದ್ದು ಅಡ್ಡಾಡುತ್ತಿದ್ದವು, ದೂರದ ತಿರುವಿಗೆ ಬರುವಷ್ಟರಲ್ಲಿ ಜರಡಿಯಿಂದ ಹಿಟ್ಟು ಉದುರಿದಂತೆ ಬರೀ ಬಿಳಿ ಚುಕ್ಕೆ. ಒಬ್ಬರು ಗೋಡೆಗೆ, ಒಬ್ಬರು ಗಿಡಕ್ಕೆ, ಹೌದಪ್ಪನವರು ಸಮಯ ಉಳಿಸಲೆಂದು ಹೊರಟಲ್ಲಿಯೇ ನೆಲಕ್ಕೆ. ವರ್ಷಕ್ಕೊಮ್ಮೆ ನಡೆಯುವ ಅಂತರ-ಕ್ಲಬ್ ಕೂಟಕ್ಕೆ ಗೆದ್ದವರನ್ನು ಕಳುಹಿಸುವುದು ವಾಡಿಕೆ. ಅಲ್ಲಿ ವ್ಯವಸ್ಥಾಪಕರು ಎಲ್ಲರ ಶಕ್ತಿಯನ್ನೂ ಇಪ್ಪತ್ತೈದಕ್ಕೆ ಇಳಿಸಿ ಮುದ್ರೆ ಒತ್ತುತ್ತಾರೆ, ಮತ್ತು ಅಧ್ಯಕ್ಷರು ಹೋದಾಗಲೆಲ್ಲ ಅಲ್ಲಿ ಕೊನೆಯವರಾಗಿಯೇ ಬಂದಿದ್ದರು. ಒಮ್ಮೆ ಅಲ್ಲಿನ ನೀರು ಒಗ್ಗಲಿಲ್ಲ. ಒಮ್ಮೆ ಕುರ್ಚಿಯ ಕಾಲು ಕುಂಟುತ್ತಿತ್ತು. ಒಮ್ಮೆ ತೀರ್ಪುಗಾರನ ಮುಖಲಕ್ಷಣವೇ ಸರಿಯಿರಲಿಲ್ಲ. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಎಂಬ ಗಾದೆಯನ್ನು ಕ್ಲಬ್ಬಿನಲ್ಲಿ ಯಾರೂ ಬಾಯಿಗೆ ತರುತ್ತಿರಲಿಲ್ಲ.

ಈ ಏರ್ಪಾಡಿನಲ್ಲಿ ನಿಜವಾಗಿ ನೊಂದವಳು ಅಧ್ಯಕ್ಷರ ಮಗಳು, ಅಂದರೆ ಅಳಿಯನ ಹೆಂಡತಿ. ವಾರದ ನಡುವೆ ಅದೇ ಅಂಗಳದಲ್ಲಿ ಒಬ್ಬಳೇ ಹಾರಿಸುವಾಗ ಅವಳ ಡ್ರೋನ್ ಸೂಜಿಯೊಳಗೆ ದಾರ ಹೋದಂತೆ ಹೋಗುತ್ತಿತ್ತು. ಭಾನುವಾರ ಬಂತೆಂದರೆ ಡ್ರೋನ್‌ಗಳು ನುಸುಳಬೇಕಾದ ಪೈಪಿನ ಬಾಗಿಲುಗಳ ಪೈಕಿ ನೀರಿನ ಟ್ಯಾಂಕಿನ ಪಕ್ಕದ ಎರಡನೆಯದರಲ್ಲಿ ಕಂಬಕ್ಕೆ ಬಡಿಯುವುದು ತಪ್ಪುತ್ತಿರಲಿಲ್ಲ.

"ಚಿತ್ರ ಒಡೆದುಹೋಗುತ್ತಪ್ಪಾ," ಎಂದು ಅವಳು ಹೇಳಿದಾಗಲೆಲ್ಲ ಅಪ್ಪನ ಬಳಿ ಒಂದೇ ಉತ್ತರ: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಒಮ್ಮೆ ಅವರು ಅವಳ ಕೈಗಳನ್ನು ಅಂಗಡಿಯ ಗಾಜಿನ ಮೇಜಿನ ಮೇಲೆ ಚಾಚಿಸಿ, ಗಿರಾಕಿಯ ಕಣ್ಣು ಪರೀಕ್ಷಿಸುವ ಗಾಂಭೀರ್ಯದಿಂದ ನೋಡಿ, "ನೋಡು, ನಡುಗ್ತಿದೆ," ಎಂದಿದ್ದರು. ಸುತ್ತ ನೆರೆದ ಸದಸ್ಯರ ನಡುವಿನಿಂದ ಹಲ್ಲಿನ ವೈದ್ಯರೂ ಬಗ್ಗಿ ನೋಡಿ, "ಹೌದಪ್ಪ, ನಡುಗ್ತಿದೆ," ಎಂದಿದ್ದರು. ಅಷ್ಟು ಜನ ಬಗ್ಗಿ ನೋಡಿದರೆ ಕಲ್ಲಿನ ಕೈಯೂ ನಡುಗೀತು. ಆದರೆ ಅವಳು ನಂಬಿದಳು. ಒಬ್ಬಳೇ ಇದ್ದಾಗ ಬರುತ್ತೆ, ಜನ ಇದ್ದಾಗ ಬರಲ್ಲ, ನನಗೆ ಸಭಾಕಂಪನ ಇರಬೇಕು ಎಂದು ತನಗೆ ತಾನೇ ರೋಗ ಹಚ್ಚಿಕೊಂಡಳು.

ಗಂಡನಿಗೆ ಕಾರಣ ಗೊತ್ತಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಎಲ್ಲರ ಟ್ರಾನ್ಸ್‌ಮಿಟರ್‌ಗಳಿಗೂ ಶಕ್ತಿ ನಿಗದಿ ಮಾಡಿ ಚೀಟಿ ಅಂಟಿಸುತ್ತಿದ್ದವನು ಅವನೇ. ಬಹಳ ಹಿಂದೆ ಒಂದು ಸಲ ಬಾಯಿ ತೆರೆದಿದ್ದ. "ನನ್ನ ಅಂಗಡೀಲಿ ಗಾಜು ಉಜ್ಜೋರು ನನಗೇ ಕಾಣೋದು ಹೇಗೆ ಅಂತ ಹೇಳಿಕೊಡ್ತೀರೋ?" ಎಂದು ಮಾವ ಕೇಳಿದ ಮೇಲೆ ಮುಚ್ಚಿದ ಬಾಯಿ ಮತ್ತೆ ತೆರೆದಿರಲಿಲ್ಲ.

ಈ ವಾರ ಅವಳು ಡ್ರೋನಿನ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದಳು.

"ಈ ಭಾನುವಾರ ಆಯ್ಕೆ ಸ್ಪರ್ಧೆ," ಎಂದಳು. "ಈ ಸಲವೂ ಆ ಕಂಬಕ್ಕೆ ಬಡಿದ್ರೆ ಎಲ್ಲಾ ಇದರೊಳಗಿಟ್ಟು ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಕೈ ನಡುಗೋಳು ಎಷ್ಟು ದಿನ ಅಂತ ಜನರ ಮುಂದೆ ಕುಣಿಯೋದು."

ಅಳಿಯ ಪೆಟ್ಟಿಗೆಯ ಕೊಂಡಿಗೆ ಒಂದು ತೊಟ್ಟು ಎಣ್ಣೆ ಬಿಟ್ಟ. ಆ ಹೊತ್ತಿಗೆ ಅವನಿಂದ ಆದದ್ದು ಅಷ್ಟೇ.

ಹೀಗಿರುವಾಗ ಅಧ್ಯಕ್ಷರು ಹೊಸ ಟ್ರಾನ್ಸ್‌ಮಿಟರ್ ತರಿಸಿದರು. ಎಂಟುನೂರು ಸಾಲದೆಂದು ಸಾವಿರದ ಆರುನೂರು. ಅಳಿಯ ಶನಿವಾರ ಮಧ್ಯಾಹ್ನವೇ ಕುಳಿತು ಹಳೆಯದನ್ನು ಬಿಚ್ಚಿ ಡ್ರಾಯರಿಗೆ ಹಾಕಿದ. ಹೊಸದಕ್ಕೆ ಕೆಂಪು, ಕಪ್ಪು, ಹಳದಿ ತಂತಿಗಳನ್ನು ಬೆಸೆದ. ಶಕ್ತಿ ಮತ್ತು ಚಾನೆಲ್ ಬದಲಿಸುವ ಬಿಳಿ ತಂತಿಯನ್ನು ಅದರ ಜಾಗಕ್ಕೆ ಮುಟ್ಟಿಸಿದ. ಡ್ರೋನಿನ ಕಂಪ್ಯೂಟರಿಗೆ ಹೊಸ ಶಕ್ತಿಯ ಪಟ್ಟಿಯನ್ನು ಕಲಿಸಿದ. ಬೆಸುಗೆ ಹೊಳೆಯುತ್ತಿತ್ತು, ಒಂದು ಎಳೆ ತಂತಿಯೂ ಹೊರಗೆ ಚಾಚಿರಲಿಲ್ಲ. ಆಂಟೆನಾವನ್ನು ತಿರುಗಿಸಿ ಕೂರಿಸುವುದೊಂದು ಬಾಕಿ. ಅದನ್ನು ಮಾವ ಕೈಯಿಂದ ತೆಗೆದುಕೊಂಡು ಪುಟ್ಟ ಡಬ್ಬಿಗೆ ಹಾಕಿ, ರಿಬ್ಬನ್ ಕಟ್ಟಿ, ಚಹಾದ ಲೋಟಗಳ ಪಕ್ಕ ಇಟ್ಟಿದ್ದರು. ಅದನ್ನು ಜೋಡಿಸುವ ಗೌರವ ಉಪಾಧ್ಯಕ್ಷರಿಗೆ ಮೀಸಲಾಗಿತ್ತು, ಮತ್ತು ಉಪಾಧ್ಯಕ್ಷರ ಸರದಿ ಅಧ್ಯಕ್ಷರ ಸರದಿಗಿಂತ ಮೊದಲು ಬರುವಂತಿರಲಿಲ್ಲ.

ಐದು ಗಂಟೆಗೆ ಸದಸ್ಯರು ಬಂದು ಕುಳಿತರು. ಗೋಡೆಯ ಮೇಲೆ, ಅಂಗಡಿಯಲ್ಲಿ ಹಳೆಯದಾಗಿ ಮೇಲೆ ಬಂದಿದ್ದ, ಸಾಲುಸಾಲಿಗೂ ಅಕ್ಷರ ಚಿಕ್ಕದಾಗುತ್ತ ಹೋಗುವ ಕಣ್ಣು ಪರೀಕ್ಷೆಯ ಫಲಕ. ಅದರ ಕೆಳಗೆ ಕಾರ್ಯಕ್ರಮದ ಪಟ್ಟಿ. ಅಧ್ಯಕ್ಷರು ಬ್ಯಾಟರಿಯ ಕೊಂಡಿಯನ್ನು ಎತ್ತಿ ಹಿಡಿದರು.

"ಮಾವ, ಆಂಟೆನಾ..." ಎಂದು ಅಳಿಯ ಎದ್ದ.

"ಚಹಾ ಆದ್ಮೇಲೆ."

"ಅಲ್ಲ, ಅದಿಲ್ಲದೆ ಬ್ಯಾಟರಿ ಕೊಟ್ರೆ..."

"ಅಳಿಯಂದ್ರೇ, ಗೋಡೆ ಮೇಲೆ ಏನು ಬರೆದಿದೆ? ಜೋರಾಗಿ ಓದಿ, ಎಲ್ಲರೂ ಕೇಳ್ಲಿ."

ಅಳಿಯ ಓದಿದ. "ಚಹಾದ ನಂತರ ಆಂಟೆನಾ ಜೋಡಣೆ."

"ಓದೋಕೆ ಬರುತ್ತೆ ಅಂತಾಯ್ತು. ಕೂತ್ಕೊಳ್ಳಿ."

"ಹೌದಪ್ಪ," ಎಂದರು ದಂತವೈದ್ಯರು. "ಎಲ್ಲದಕ್ಕೂ ಒಂದು ಕ್ರಮ ಅಂತಿರುತ್ತೆ."

ಕೊಂಡಿ ಕೂಡಿತು. ಟ್ರಾನ್ಸ್‌ಮಿಟರಿನ ಪುಟ್ಟ ದೀಪ ಹೊತ್ತಿತು. ಚಪ್ಪಾಳೆಯೂ ಆಯಿತು. ಅಧ್ಯಕ್ಷರು ಎರಡೂ ಕೈಗಳನ್ನು ಮೇಜಿಗೆ ಊರಿ ಭಾಷಣ ಆರಂಭಿಸಿದರು.

ಆಂಟೆನಾ ಇಲ್ಲದ ಟ್ರಾನ್ಸ್‌ಮಿಟರಿಗೆ ತನ್ನ ಶಕ್ತಿಯನ್ನು ಹೊರಗೆ ಕಳುಹಿಸಲು ಬಾಗಿಲಿರುವುದಿಲ್ಲ. ಹೊರಟದ್ದೆಲ್ಲ ತಿರುಗಿ ಬಂದು ಅದರ ಹೊಟ್ಟೆಯನ್ನೇ ಸುಡುತ್ತದೆ. ಭಾಷಣಕಾರರ ವಿಷಯದಲ್ಲಿ ಪ್ರಕೃತಿ ಇಂಥ ಏರ್ಪಾಡನ್ನು ಮಾಡಿಲ್ಲ. "ಶಕ್ತಿ ಅನ್ನೋದು ಯಾರೋ ಕೊಟ್ರೆ ಬರೋದಲ್ಲ," ಎನ್ನುತ್ತಿದ್ದರು ಅಧ್ಯಕ್ಷರು. "ಅದು ಒಳಗೇ ಇರ್ಬೇಕು. ಒಳಗಿರೋದು ಹೇಗಿದ್ರೂ ಹೊರಗೆ ಬರುತ್ತೆ." ಡ್ರೋನಿನ ಕೆಳಗೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ಮೆಲ್ಲಗೆ ಮೂಲೆ ಮಡಚಿಕೊಂಡಿತು. ಅಳಿಯ ಅದನ್ನೇ ನೋಡುತ್ತ ಕುಳಿತ. ಒಂದು ಸಲ ಅರ್ಧ ಎದ್ದ. ಮಾವನ ತೋರುಬೆರಳು ಮಾತು ನಿಲ್ಲಿಸದೆಯೇ ಅವನನ್ನು ಕುರ್ಚಿಗೆ ಮರಳಿಸಿತು.

ಕ್ಲಬ್ಬಿನ ಕಾರ್ಯದರ್ಶಿಯಾದ ದರ್ಜಿ ಮೂಗರಳಿಸಿದ. ಇಸ್ತ್ರಿಪೆಟ್ಟಿಗೆಯ ಕೆಳಗೆ ಬಟ್ಟೆ ಮರೆತು ಅನುಭವವಿದ್ದವನು. "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲ."

"ಅದು ಹೊಸ ವಸ್ತುವಿನ ವಾಸನೆ," ಎಂದರು ಅಧ್ಯಕ್ಷರು. "ಹಳೇದನ್ನೇ ಬಳಸೋರಿಗೆ ಗೊತ್ತಾಗಲ್ಲ."

ದಿನವಿಡೀ ಹಲ್ಲು ಕೊರೆದು ಸುಟ್ಟ ವಾಸನೆಯಲ್ಲೇ ಬದುಕುವ ದಂತವೈದ್ಯರು ಉಸಿರನ್ನು ಆಳವಾಗಿ ಎಳೆದುಕೊಂಡರು. "ಹೌದಪ್ಪ. ಹೊಸದರ ವಾಸನೆಯೇ."

ಭಾಷಣ ಮುಗಿಯಿತು, ಚಹಾ ಮುಗಿಯಿತು. ಉಪಾಧ್ಯಕ್ಷರು ರಿಬ್ಬನ್ ಬಿಚ್ಚಿ ಆಂಟೆನಾ ತಿರುಗಿಸಹೋಗಿ "ಅಮ್ಮಾ" ಎಂದು ಬೆರಳು ಬಾಯಿಗಿಟ್ಟುಕೊಂಡರು. "ಶಕ್ತಿ ನೋಡಿ," ಎಂದರು ಅಧ್ಯಕ್ಷರು ಹೆಮ್ಮೆಯಿಂದ.

ಎಲ್ಲರೂ ಎದ್ದು ಹೊರಡುವ ಗದ್ದಲದಲ್ಲಿ ಅಳಿಯ ಗಾಗಲ್ ಕಟ್ಟಿಕೊಂಡು ಪರೀಕ್ಷಿಸಿದ. ಮೇಜಿನ ಪಕ್ಕ ನಿಂತರೆ ಚಿತ್ರ ಕನ್ನಡಿಯಂತಿತ್ತು. ಬಾಗಿಲ ಬಳಿ ಹೋದಾಗ ಬಣ್ಣ ಹೋಯಿತು. ಮೆಟ್ಟಿಲು ಇಳಿಯತೊಡಗಿದಾಗ ಹಿಟ್ಟು ಉದುರತೊಡಗಿತು. ಆದರೆ ಆ ಹಿಟ್ಟಿನ ನಡುವೆಯೂ ಪರದೆಯ ಮೂಲೆಯಲ್ಲಿ 'ಶಕ್ತಿ: ೧೬೦೦' ಎಂಬ ಬರಹ ಮಾತ್ರ ಕೊನೆಯವರೆಗೂ ಅಲ್ಲಾಡದೆ ನಿಂತಿತ್ತು. ಯಂತ್ರ ತನಗೆ ಕೊಟ್ಟ ಹುದ್ದೆಯನ್ನು ಓದಿ ಹೇಳುತ್ತಿತ್ತೇ ಹೊರತು, ಮಾಡುತ್ತಿದ್ದ ಕೆಲಸವನ್ನಲ್ಲ.

ಅವನು ಮೆಟ್ಟಿಲ ಮೇಲೆ ನಿಂತು ಲೆಕ್ಕ ಹಾಕಿದ. ಈಗ ಹೇಳಿದರೆ, ಹಳೆಯ ಎಂಟುನೂರು ಡ್ರಾಯರಿನಲ್ಲೇ ಇದೆ. ಒಂದು ಗಂಟೆಯ ಬೆಸುಗೆ ಕೆಲಸ. ನಾಳೆ ಎಲ್ಲ ಭಾನುವಾರಗಳಂತೆಯೇ ಇನ್ನೊಂದು ಭಾನುವಾರ: ಎರಡನೆಯ ಬಾಗಿಲು, ಕಂಬ, ಒರೆಸಿಟ್ಟ ಪೆಟ್ಟಿಗೆ. ಹೇಳದಿದ್ದರೆ?

"ಏನಂತಾನೆ ನಮ್ಮ ಹೊಸ ಅತಿಥಿ?" ಮಾವ ಮೇಲಿಂದ ಕೇಳಿದರು. "ಎಷ್ಟು ತೋರಿಸ್ತಿದೆ?"

"ಸಾವಿರದ ಆರುನೂರು ಅಂತ ತೋರಿಸ್ತಿದೆ, ಮಾವ."

"ಮತ್ತೆ? ಆಂಟೆನಾ ಆಂಟೆನಾ ಅಂತ ಬಾಯಿ ಬಡ್ಕೊಂಡ್ರಿ. ಏನಾದ್ರೂ ಆಯ್ತಾ?"

ಸುಮ್ಮನಿರುವುದು ಅವನಿಗೆ ಹೊಸ ವಿದ್ಯೆಯೇನಲ್ಲ. ಇಷ್ಟು ವರ್ಷ ಮಾವನ ಗೆಲುವಿಗಾಗಿ ದುಡಿದ ಅದೇ ಮೌನಕ್ಕೆ ಇಂದು ಬೇರೆ ಕೆಲಸ ಕೊಟ್ಟ, ಅಷ್ಟೇ. ಅವನು ಗಾಗಲ್ ಮಡಚಿ ಚೀಲಕ್ಕಿಟ್ಟ.

ಭಾನುವಾರ ಬೆಳಿಗ್ಗೆ ಎಲೆ ಅಲುಗದಷ್ಟು ಶಾಂತವಾಗಿತ್ತು. ಅಂಗಳದಲ್ಲಿ ಹಳದಿ ಪೈಪು ಬಗ್ಗಿಸಿ ಮಾಡಿದ ಬಾಗಿಲುಗಳು ಸಾಲಾಗಿ ನಿಂತಿದ್ದವು. ಆರು ಕುರ್ಚಿಗಳು, ಆರು ಜೊತೆ ಗಾಗಲ್, ಕುರ್ಚಿಗಳ ಮುಂದೆಯೇ ಹಲಗೆಯ ಮೇಲೆ ಆರು ಡ್ರೋನ್. ಅಳಿಯ ಕೈಗಡಿಯಾರ ಹಿಡಿದು ಪಕ್ಕದಲ್ಲಿ ನಿಂತಿದ್ದ. ಅಷ್ಟು ಹತ್ತಿರದಲ್ಲಿ ಅಧ್ಯಕ್ಷರ ಚಿತ್ರ ನಿರ್ಮಲವಾಗಿತ್ತು. "ಕನ್ನಡಿ," ಎಂದರು ಅವರು. "ಹೌದಪ್ಪ, ಕನ್ನಡಿ," ಎಂದರು ಪಕ್ಕದ ಕುರ್ಚಿಯವರು, ಅವರ ಚಿತ್ರವನ್ನು ನೋಡಲು ಸಾಧ್ಯವೇ ಇಲ್ಲದವರು.

ಮಗಳು ಅಂಗೈಗಳನ್ನು ಸೊಂಟಕ್ಕೆ ಒರೆಸಿಕೊಂಡು ಕುಳಿತಳು.

"ಕೈ ಗಟ್ಟಿ ಹಿಡ್ಕೋ," ಎಂದರು ಅಪ್ಪ. "ಹೆದರ್ಕೋಬೇಡ, ಸೋತ್ರೆ ನನ್ನ ಹತ್ರ ತಾನೇ ಸೋಲೋದು."

ಅಳಿಯ ಸೀಟಿ ಊದಿದ. ಆರು ಡ್ರೋನ್‌ಗಳು ಕಣಜದ ಹುಳುಗಳಂತೆ ಗುಂಯ್‌ಗುಟ್ಟಿ ಎದ್ದವು. ಮೊದಲ ಬಾಗಿಲಿಗೆ ಅಧ್ಯಕ್ಷರೇ ಮುಂದೆ. ಮೊದಲ ಬಾಗಿಲು ದಾಟಿದ ಮೇಲೆ ಅವರ ಡ್ರೋನ್ ದಾರಿ ಕೇಳುವವನಂತೆ ಒಮ್ಮೆ ನಿಂತು, ಎಡಕ್ಕೆ ಹೋಗಿ, ಬಲಕ್ಕೆ ಬಂದು, ಅನಂತರ ಬಹಳ ನಿರ್ಧಾರದಿಂದ ಕಾರ್ಖಾನೆಯ ಕಸದ ತೊಟ್ಟಿಯೊಳಗೆ ಇಳಿಯಿತು.

"ಏನಿದು?" ಎಂದರು ಅಧ್ಯಕ್ಷರು ಗಾಗಲ್ ತೆಗೆಯದೆ. "ಏನಿದು, ಎಲ್ಲಾ ಬೆಳ್ಳಗಿದೆ. ನಿಮಗೂ ಹೀಗೇ ಇದೆಯಾ?"

"ಹೌದ..." ಎಂದು ಹೌದಪ್ಪನವರು ಆರಂಭಿಸಿದರು, ಮತ್ತು ಬದುಕಿನಲ್ಲಿ ಮೊದಲ ಸಲ ಆ ಪದವನ್ನು ಪೂರ್ತಿ ಮಾಡಲಿಲ್ಲ. ಅವರ ಗಾಗಲ್‌ನಲ್ಲಿ ಅಂಗಳ ಪೂರ್ತಿ ಬಣ್ಣದಲ್ಲಿ ತೆರೆದುಕೊಂಡಿತ್ತು. ಹೊರಟಲ್ಲೇ ಇಳಿಯುವ ಅಭ್ಯಾಸವಿದ್ದವರು ಇಳಿಯುವುದನ್ನೇ ಮರೆತು, ಬಾಯಿ ತೆರೆದುಕೊಂಡು, ಒಂದಾದ ಮೇಲೊಂದು ಬಾಗಿಲು ದಾಟುತ್ತಿದ್ದರು.

"ಗಾಗಲ್‌ನಲ್ಲೂ ಬಾಗಿಲು ಹಳದಿ ಕಾಣುತ್ತಾ?" ಎಂದ ದರ್ಜಿ. "ಇಷ್ಟು ದಿನ ಬೂದಿ ಬಣ್ಣ ಅಂದ್ಕೊಂಡಿದ್ದೆ ಕಣ್ರಿ."

"ಅಲ್ಲೊಂದು ಗಿಡ ಇದೆ ನೋಡಿ. ಮೂರು ಸಲ ಅದಕ್ಕೆ ಗುದ್ದಿದ್ದೀನಿ, ಇವತ್ತೇ ಪರಿಚಯ ಆಗಿದ್ದು," ಎಂದರು ಇನ್ನೊಬ್ಬರು.

ಎರಡನೆಯ ಬಾಗಿಲು ಬಂದಾಗ ಅಳಿಯನ ಕಣ್ಣು ಗಡಿಯಾರ ಬಿಟ್ಟು ಹೆಂಡತಿಯ ಹೆಬ್ಬೆರಳುಗಳ ಮೇಲೆ ಹೋಯಿತು. ಅವು ನಿಯಂತ್ರಕದ ಕಡ್ಡಿಗಳ ಮೇಲೆ, ಹಾಲಿನ ಕೆನೆಯ ಮೇಲೆ ಕುಳಿತ ನೊಣದಷ್ಟು ಹಗುರವಾಗಿ, ನಿಶ್ಚಲವಾಗಿ ಇದ್ದವು. ಡ್ರೋನ್ ಕಂಬದ ಪಕ್ಕ ವಾಲಿ, ಬಾಗಿಲ ನಟ್ಟನಡುವೆ ನುಸುಳಿ, ಟ್ಯಾಂಕನ್ನು ಸುತ್ತಿ ಬಂತು. ಇನ್ನೊಂದು ಸುತ್ತು. ಅವಳು ಹಲಗೆಯ ಮೇಲೆ ಇಳಿಸಿದಾಗ ಉಳಿದವರು ಇನ್ನೂ ನೋಟ ಸವಿಯುತ್ತ ಅಂಗಳದಲ್ಲಿದ್ದರು.

ಅಧ್ಯಕ್ಷರು ಗಾಗಲ್ ಕಿತ್ತರು. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆಂದು ಯಾರೂ ಕೇಳಬೇಕಾಗಿರಲಿಲ್ಲ.

"ಗಾಳಿ," ಎಂದರು ಅವರು. "ಅಡ್ಡಗಾಳಿ. ಮತ್ತೆ ಬಿಸಿಲು ನೇರ ಕ್ಯಾಮೆರಾಕ್ಕೆ. ಕುರ್ಚಿನೂ ಸರಿ ಇಲ್ಲ."

ಮಗಳು ಇನ್ನೂ ಕುಳಿತೇ ಇದ್ದಳು. "ಅಪ್ಪಾ," ಎಂದಳು ಮೆಲ್ಲಗೆ, "ನೆಲ ಡೊಂಕಾಗಿತ್ತಾ?"

ದರ್ಜಿ ಕೆಮ್ಮಿದ. ಕೆಮ್ಮು ನಗುವಾಗದಂತೆ ತಡೆಯಲು ಬಹಳ ಕಷ್ಟಪಟ್ಟ.

"ಇದರಲ್ಲಿ ಯಾರದೋ ಕೈವಾಡ ಇದೆ," ಎಂದರು ಅಧ್ಯಕ್ಷರು. "ತನಿಖೆ ಆಗ್ಬೇಕು. ನಾಳೆ ಸಂಜೆ. ತನಿಖಾ ಸಮಿತಿಗೆ ನಾನೇ ಅಧ್ಯಕ್ಷ, ಡಾಕ್ಟ್ರು ಸದಸ್ಯರು, ಯಂತ್ರ ಬಿಚ್ಚಿ ನೋಡಿ ನಿರ್ಣಯ ಓದೋದು ತಾಂತ್ರಿಕ ಅಧಿಕಾರಿ. ಅಲ್ಲೀವರೆಗೂ ಕೂಟಕ್ಕೆ ಯಾರು ಹೋಗೋದು ಅನ್ನೋ ಮಾತೇ ಇಲ್ಲ."

ಎಲ್ಲರೂ ಹೋದ ಮೇಲೆ ಗಂಡ ಹೆಂಡತಿ ಬಾಗಿಲುಗಳನ್ನು ಕಿತ್ತು ಪೈಪುಗಳನ್ನು ಕಟ್ಟು ಕಟ್ಟಿದರು. ಅವಳು ಕಟ್ಟಿನ ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿದು ಕೇಳಿದಳು: "ರೀ, ಅಪ್ಪನಿಗೆ ಪ್ರತಿ ಭಾನುವಾರ ಹೀಗೇ ಕಾಣ್ತಿತ್ತಾ, ನಂಗೆ ಇವತ್ತು ಕಂಡ ಹಾಗೆ?"

"ಹೂಂ."

"ನಂಗೆ ಕಾಣ್ತಿದ್ದ ಹಾಗೆ ಇವತ್ತು ಅವರಿಗೆ ಕಾಣ್ತು."

"ಹೂಂ."

"ಹಾಗಾದ್ರೆ ನನ್ನ ಕೈ..."

ಅವನು ಪೈಪುಗಳನ್ನು ನೋಡಿದ. ಪೈಪುಗಳು ನೆರವಿಗೆ ಬರಲಿಲ್ಲ.

"ನಿಮಗೆ ಗೊತ್ತಿತ್ತು," ಎಂದಳು. "ಎಷ್ಟು ದಿನದಿಂದ?"

"ಮೊದಲಿನಿಂದ."

ಅವಳು ಹಗ್ಗ ಬಿಟ್ಟಳು. ಪೈಪುಗಳು ನೆಲದ ಮೇಲೆ ಹರಡಿಕೊಂಡವು. "ನೀವು ಕನ್ನಡಕದ ಅಂಗಡೀಲಿ ಕೆಲಸ ಮಾಡೋರು. ಕಣ್ಣು ಮಂಜಾಗಿ ಎಡವಿ ಬಿದ್ದೋರು ಬಂ‍ದ್ರೆ, ನಿಮ್ಮ ಕಾಲೇ ಸರಿ ಇಲ್ಲ ಅಂತ ಕಳಿಸ್ತೀರಾ?"

"ನಿನ್ನೆ ಅದು ಸುಟ್ಟಿದ್ದು ನಂಗೆ ಗೊತ್ತಾಯ್ತು. ಹೇಳ್ಲಿಲ್ಲ. ನಿನಗೋಸ್ಕರ."

"ಹೇಳದೇ ಇರೋದಕ್ಕೆ ನಿಮಗೆ ಯಾವತ್ತೂ ಒಂದು ಕಾರಣ ಸಿಗುತ್ತೆ. ಹಿಂದೆಲ್ಲಾ ಅಪ್ಪನಿಗೋಸ್ಕರ, ನಿನ್ನೆ ನನಗೋಸ್ಕರ." ಅವಳು ಬಗ್ಗಿ ಪೈಪುಗಳನ್ನು ಮತ್ತೆ ಆಯತೊಡಗಿದಳು. "ಕೂಟಕ್ಕೆ ಹೋಗೋದು ಬಿಡೋದು ಆಮೇಲಿನ ಮಾತು. ನನ್ನ ಕೈ ನಡುಗುತ್ತೆ ಅಂತ ಅಷ್ಟೂ ಜನರ ಮುಂದೆ ಹೇಳಿದಾರೆ. ನಡುಗಲ್ಲ ಅನ್ನೋ ಮಾತೂ ಅಷ್ಟೂ ಜನರ ಮುಂದೆ ಬರ್ಬೇಕು. ನಿಮ್ಮ ಬಾಯಿಂದ. ಬರ್ಲಿಲ್ಲ ಅಂದ್ರೆ ಆ ಪೆಟ್ಟಿಗೇಲಿ ಡ್ರೋನ್ ಜೊತೆ ನಿಮ್ಮ ಗಡಿಯಾರಾನೂ ಇಟ್ಟು ಕೊಟ್ಟುಬಿಡ್ತೀನಿ. ನಾನು ಬಿದ್ದ ಹೊತ್ತನ್ನೆಲ್ಲ ಅದು ನೋಡಿದೆ."

ಸೋಮವಾರ ಮಧ್ಯಾಹ್ನ ಅಳಿಯ ಗಾಜು ಉಜ್ಜುವ ಮೇಜಿನ ಮೇಲೆ ಟ್ರಾನ್ಸ್‌ಮಿಟರನ್ನು ಬಿಚ್ಚಿದ. ಭೂತಗನ್ನಡಿಯ ಕೆಳಗೆ ಅದರ ಹೊಟ್ಟೆ ಸ್ಪಷ್ಟವಾಗಿತ್ತು: ಶಕ್ತಿಯನ್ನು ಹಿಗ್ಗಿಸುವ ಚಿಪ್‌ನ ಬೆನ್ನು ಉಬ್ಬಿ, ನಡುವೆ ಬಿರಿದು, ಸುತ್ತ ಕಂದು ಕಲೆ. ಮಾವ ಹಿಂದೆ ಬಂದು ನಿಂತದ್ದು ಅವನಿಗೆ ಉಸಿರಿನಿಂದ ಗೊತ್ತಾಯಿತು.

"ಏನು ಸಿಕ್ತು?"

"ಸುಟ್ಟಿದೆ, ಮಾವ."

"ಗಾಳಿಗೆ?"

"ಗಾಳಿಗೆ ಯಾವುದೂ ಸುಡಲ್ಲ."

ಮಾವ ಕೈಯನ್ನು ಅಳಿಯನ ಹೆಗಲ ಮೇಲಿಟ್ಟರು, ಮದುವೆಯ ದಿನದ ನಂತರ ಇಡದಿದ್ದ ಕೈಯನ್ನು. "ಗಾಳಿ ಅಂತ ಹೇಳಿ. ಯಾರಿಗೂ ನಷ್ಟ ಇಲ್ಲ. ಮುಂದಿನ ವಾರ ಹಳೇದು ಹಾಕಿ ಮತ್ತೊಂದು ಸ್ಪರ್ಧೆ ಇಡೋಣ. ಮಗಳಿಗೆ ನಾನೇ ಸಮಾಧಾನ ಹೇಳ್ತೀನಿ. ಒಂದು ಸಲ ಅದೃಷ್ಟ ಕೈ ಹಿಡೀತು ಅಂತ ಕೈ ನಡುಗೋದು ನಿಂತು ಹೋಗುತ್ತಾ? ನೀವು ಮನೆಯವರು, ನಿಮಗೆ ಬಿಡಿಸಿ ಹೇಳ್ಬೇಕಾ?"

ಅಳಿಯ ಭೂತಗನ್ನಡಿಯನ್ನು ಒರೆಸಿ ಅದರ ಜಾಗಕ್ಕಿಟ್ಟ. ಅವನ ಮೌನಕ್ಕೆ ಒಪ್ಪಿಗೆಯೆಂಬ ಒಂದೇ ಅರ್ಥವನ್ನು ಇಷ್ಟು ವರ್ಷ ಕಂಡಿದ್ದ ಮಾವ ಹೆಗಲು ತಟ್ಟಿ ಹೊರಟರು.

ಸಂಜೆ ಮೇಲಿನ ಕೋಣೆ ತುಂಬಿತ್ತು. ಅಧ್ಯಕ್ಷರು ನಡುವಿನ ಕುರ್ಚಿಯಲ್ಲಿ, ಪಕ್ಕದಲ್ಲಿ ದಂತವೈದ್ಯರು. ಮಗಳು ಕೊನೆಯ ಸಾಲಿನಲ್ಲಿ, ಕಣ್ಣು ಪರೀಕ್ಷೆಯ ಫಲಕದ ಎದುರಿಗೆ. ಅವಳ ತೊಡೆಯ ಮೇಲೆ ಒರೆಸಿದ ಪೆಟ್ಟಿಗೆ, ಮುಚ್ಚಳ ತೆರೆದೇ ಇತ್ತು.

"ಸಮಿತಿಗೆ ಮೇಲ್ನೋಟಕ್ಕೆ ಗಾಳಿ ಅಂತ ಅನ್ನಿಸಿದೆ," ಎಂದರು ಅಧ್ಯಕ್ಷರು.

"ಹೌದಪ್ಪ," ಎಂದರು ದಂತವೈದ್ಯರು, ಆದರೆ ದನಿಯಲ್ಲಿ ಮೊದಲಿನ ಕಸುವಿರಲಿಲ್ಲ. ನಿನ್ನೆಯ ಅಂಗಳ ಅವರ ಕಣ್ಣಲ್ಲಿ ಇನ್ನೂ ಬಣ್ಣದಲ್ಲೇ ಇತ್ತು.

"ಈಗ ತಾಂತ್ರಿಕ ಅಧಿಕಾರಿ ಅದನ್ನ ಶಾಸ್ತ್ರೋಕ್ತವಾಗಿ ಹೇಳ್ತಾರೆ. ಅಳಿಯಂದ್ರೇ, ಎದ್ದು ನಿಂತು ಹೇಳಿ. ಜೋರಾಗಿ."

ಅಳಿಯ ಎದ್ದ. ಅವನು ಮಾವನನ್ನು ನೋಡಲಿಲ್ಲ, ಕೊನೆಯ ಸಾಲನ್ನೂ ನೋಡಲಿಲ್ಲ; ಫಲಕದ ಅತ್ಯಂತ ಕೆಳಗಿನ, ಅತ್ಯಂತ ಚಿಕ್ಕ ಅಕ್ಷರಗಳ ಸಾಲಿನ ಮೇಲೆ ಕಣ್ಣು ನೆಟ್ಟು, ಅದನ್ನೇ ಓದುವವನಂತೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದ:

"ತನಿಖೆಯಿಂದ ಕಂಡುಬಂದದ್ದು ಇಷ್ಟು. ಅಧ್ಯಕ್ಷರ ಯಂತ್ರಕ್ಕೆ ಯಾರೂ ಕೈ ಹಚ್ಚಿಲ್ಲ. ಆಂಟೆನಾ ಇಲ್ಲದೆ ಪೂರ್ತಿ ಭಾಷಣ ಕೇಳಿದ್ದರಿಂದ ಅದು ಸುಟ್ಟಿದೆ. ನಿನ್ನೆ ಗಾಳಿ ಇರಲಿಲ್ಲ. ನಿನ್ನೆಯ ಸ್ಪರ್ಧೆಯಲ್ಲಿ ದೋಷವೂ ಇರಲಿಲ್ಲ. ದೋಷ ಇದ್ದದ್ದು ಅದರ ಹಿಂದಿನ ಎಲ್ಲ ಸ್ಪರ್ಧೆಗಳಲ್ಲಿ. ಅಧ್ಯಕ್ಷರ ಎಂಟುನೂರು ಮಿಲಿವಾಟ್ ಉಳಿದ ಐದೂ ಜನರ ಚಿತ್ರವನ್ನು ಅಳಿಸುತ್ತಿತ್ತು. ಇದು ತಾಂತ್ರಿಕ ಅಧಿಕಾರಿಗೆ ಮೊದಲಿನಿಂದಲೂ ಗೊತ್ತಿತ್ತು. ಅಧ್ಯಕ್ಷರ ಮಗಳ ಕೈ ನಡುಗುವುದಿಲ್ಲ, ಎಂದೂ ನಡುಗಿರಲಿಲ್ಲ."